ಅನಿಮಲ್ ಫಾರ್ಮ್‌ನಲ್ಲಿ ಲೆನಿನ್ ಎಲ್ಲಿ? ಸ್ನೋಬಾಲ್ ಉಳಿದಿದ್ದರೆ ಕಥೆ ಬೇರೆ ಆಗುತ್ತಿತ್ತಾ?

ಕೊನೇಬೆಂಚು:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಆರ್ವೆಲ್‌ನ ಅನಿಮಲ್ ಫಾರ್ಮ್ ಕಾದಂಬರಿ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಪ್ರಾಣಿಗಳು ದಂಗೆ ಎದ್ದು ಯಜಮಾನನನ್ನು ಓಡಿಸುತ್ತವೆ, ಆಮೇಲೆ ಹಂದಿಗಳೇ ಆಳುತ್ತವೆ; ರಷ್ಯಾದ ಕ್ರಾಂತಿಯನ್ನೇ ಹೀಗೆ ಕಥೆ ಮಾಡಿದ್ದಾನೆ. ಯಜಮಾನ ಜೋನ್ಸ್ ಅಂದರೆ ರಷ್ಯಾದ ದೊರೆ ತ್ಸಾರ್ ಎರಡನೇ ನಿಕೋಲಸ್, ನೆಪೋಲಿಯನ್ ಎಂಬ ಹಂದಿ ಸ್ಟಾಲಿನ್, ಸ್ನೋಬಾಲ್ ಎಂಬ ಇನ್ನೊಂದು ಹಂದಿ ಸ್ಟಾಲಿನ್‌ನ ಎದುರಾಳಿ ಟ್ರಾಟ್‌ಸ್ಕಿ. ಇಷ್ಟು ಗೈಡ್‌ನಲ್ಲೇ ಸಿಕ್ಕಿತು. ಆದರೆ 1917ರ ಕ್ರಾಂತಿಯ ಮುಖ್ಯ ಮನುಷ್ಯ ಲೆನಿನ್ ಅಲ್ವಾ? ಅವನು ಯಾವ ಪ್ರಾಣಿ? ಇನ್ನೊಂದು, ಓದುತ್ತಾ ಹೋದ ಹಾಗೆ ಸ್ನೋಬಾಲನನ್ನು ಓಡಿಸದೇ ಇದ್ದಿದ್ದರೆ ಎಲ್ಲ ಸರಿ ಇರುತ್ತಿತ್ತು ಅನಿಸುತ್ತದೆ. ಆರ್ವೆಲ್ ಹೇಳುವುದೂ ಅದೇನಾ?

ಚಹಾಪುಡಿ:
ಮುದಿ ಹಂದಿ ಮೇಜರ್‌ನಲ್ಲೇ ಮಾರ್ಕ್ಸ್ ಮತ್ತು ಲೆನಿನ್ ಇಬ್ಬರೂ ಇದ್ದಾರೆ ಅಂತ ನಮಗೆ ಹೇಳಿಕೊಟ್ಟಿದ್ದರು. ಕನಸು ಹೇಳಿ ದಂಗೆಗೆ ಮೊದಲೇ ಸಾಯುತ್ತಾನೆ, ಅದು ಮಾರ್ಕ್ಸ್. ಆಮೇಲೆ ಅವನ ತಲೆಬುರುಡೆಯನ್ನು ಕಂಬದ ಹತ್ತಿರ ಇಟ್ಟು, ಪ್ರಾಣಿಗಳು ಸಾಲಾಗಿ ನಮಸ್ಕರಿಸಿ ಹೋಗಬೇಕು ಅಂತಾರಲ್ಲ, ಅದು ಮಾಸ್ಕೋದಲ್ಲಿ ಕಾಪಿಟ್ಟ ಲೆನಿನ್ ದೇಹ. ಹಾಂ, ಸುಮ್ನೆ ಕಾರ್ಟೂನ್ ಸಿನಿಮಾ ನೋಡಿ ಸೆಮಿನಾರ್ ಕೊಡಬೇಡಿ. 1954ರ ಆ ಸಿನಿಮಾಕ್ಕೆ ಹಿಂದಿನಿಂದ ದುಡ್ಡು ಕೊಟ್ಟಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ. ಕೊನೆಯಲ್ಲಿ ಪ್ರಾಣಿಗಳು ಮತ್ತೆ ದಂಗೆ ಏಳುತ್ತವೆ. ಪುಸ್ತಕದಲ್ಲಿ ಅದಿಲ್ಲ.

ನಿವೃತ್ತ ಮೇಷ್ಟ್ರು:
ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು. ನಾನು ಓದುವ ಕಾಲಕ್ಕೆ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆಯಲ್ಲೇ ನಮ್ಮ ನೋಟ್‌ಬುಕ್ಕಿಗೆಲ್ಲ ಬೈಂಡು. ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹುಡುಗಿಯರನ್ನು ನೋಡುತ್ತಾ ಗಣಿತ ಕಲಿತವರು ನಾವು. ಹಾಗಾಗಿ ಕಾಲೇಜಿನಲ್ಲಿ ಈ ಪುಸ್ತಕ ಓದಿದಾಗ ನನಗೆ ಸಿಟ್ಟೇ ಬಂದಿತ್ತು!

ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಹಾಲು ಮತ್ತು ಸೇಬು. ದಂಗೆ ಗೆದ್ದ ದಿನ ಹಸುಗಳು ಐದು ಬಕೆಟ್ ಹಾಲು ಕೊಡುತ್ತವೆ. ಹಾಲಿನ ಚಿಂತೆ ಬಿಡಿ, ಕೊಯ್ಲಿಗೆ ನಡೀರಿ ಅಂತಾನೆ ನೆಪೋಲಿಯನ್. ಸಂಜೆ ಬಂದು ನೋಡಿದರೆ ಹಾಲಿಲ್ಲ. ಎಲ್ಲ ಹಂದಿಗಳ ಹೊಟ್ಟೆ ಸೇರುತ್ತಿದೆ. ಉದುರಿದ ಸೇಬೂ ಅವಕ್ಕೇ. ಈ ವಿಷಯದಲ್ಲಿ ಹಂದಿಗಳಲ್ಲಿ ಜಗಳವೇ ಇಲ್ಲ. ಮಾತುಮಾತಿಗೂ ಕಿತ್ತಾಡುವ ಸ್ನೋಬಾಲ್ ಮತ್ತು ನೆಪೋಲಿಯನ್ ಇಲ್ಲಿ ಮಾತ್ರ ಒಂದಾಗುತ್ತಾರೆ. ಆ ಸಾಲನ್ನು ನಿಧಾನಕ್ಕೆ ಇನ್ನೊಮ್ಮೆ ಓದಿ.

ಕಥೆ ತಿರುಗುವುದು ಇಲ್ಲೇ, ಇದು ಕ್ರೋನ್‌ಸ್ಟಾಟ್ ಅಂತ ಆರ್ವೆಲ್ 1946ರ ಕೊನೆಗೆ ಅಮೆರಿಕದ ಗೆಳೆಯ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಕಾಗದ ಬರೆದಿದ್ದಾನೆ. ಕ್ರೋನ್‌ಸ್ಟಾಟ್ ಅಂದರೆ ಪೆಟ್ರೋಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಎದುರಿನ ದ್ವೀಪದ ನೌಕಾನೆಲೆ. 1917ರಲ್ಲಿ ಲೆನಿನ್‌ನ ಪಕ್ಷದವರಾದ ಬೊಲ್ಶೆವಿಕ್‌ರ ಬೆನ್ನಿಗೆ ನಿಂತವರು ಅಲ್ಲಿನ ನಾವಿಕರು. 1921ರ ಮಾರ್ಚಿನಲ್ಲಿ ಅದೇ ನೆಲೆಯ ನಾವಿಕರು ಸೋವಿಯತ್‌ಗಳಿಗೆ (ಕಾರ್ಮಿಕರ, ಸೈನಿಕರ ಪ್ರತಿನಿಧಿ ಸಭೆಗಳಿಗೆ) ಹೊಸದಾಗಿ, ಗುಟ್ಟಿನ ಮತದಾನದ ಚುನಾವಣೆ ಆಗಲಿ ಅಂದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕೆಂಪು ಸೇನೆ ನಡೆದು ಹೋಗಿ ಅವರನ್ನು ಅಡಗಿಸಿತು. ಆಗ ಯುದ್ಧ ಖಾತೆ ಯಾರದ್ದು? ಟ್ರಾಟ್‌ಸ್ಕಿಯದ್ದು. ಅಧಿಕಾರದಲ್ಲಿ ಇದ್ದವನು ಲೆನಿನ್. ಸ್ಟಾಲಿನ್ ಇನ್ನೂ ಪಕ್ಷದ ಪ್ರಧಾನ ಕಾರ್ಯದರ್ಶಿ ಕೂಡ ಆಗಿರಲಿಲ್ಲ. ಹಾಗಾಗಿ ಲೆನಿನ್ ಯಾವ ಪ್ರಾಣಿ ಅಂತ ಹುಡುಕುವ ಬದಲು, ಅವನ ಕಾಲ ಕಥೆಯಲ್ಲಿ ಎಲ್ಲಿದೆ ಅಂತ ನೋಡಿ. ಆ ಹಾಲಿನ ಬಕೆಟ್‌ಗಳಲ್ಲಿದೆ ಅನ್ನುವುದು ನನ್ನ ಓದು.

ಅಂದರೆ ಸ್ನೋಬಾಲ್ ಇದ್ದಾಗಲೇ ದಾರಿ ತಪ್ಪಿತ್ತು. ಅವನು ಒಳ್ಳೆಯವನಾಗಿ ಕಾಣುವುದು ಓಡಿಹೋದ ಮೇಲೆ. ಗಾಳಿಯಂತ್ರ ಅವನ ಯೋಜನೆ. ನೆಪೋಲಿಯನ್ ಆ ನಕ್ಷೆಯ ಮೇಲೆ ಉಚ್ಚೆ ಹೊಯ್ಯುತ್ತಾನೆ. ನಾಯಿ ಬಿಟ್ಟು ಸ್ನೋಬಾಲನನ್ನು ಓಡಿಸಿದ ಮೇಲೆ ಅದೇ ಯಂತ್ರ ಕಟ್ಟಿಸುತ್ತಾನೆ. ರಷ್ಯಾದಲ್ಲೂ ಬೇಗ ಕಾರ್ಖಾನೆ ಕಟ್ಟೋಣ ಅಂತ ಒತ್ತಾಯಿಸಿದ್ದು ಟ್ರಾಟ್‌ಸ್ಕಿ ಬಣ. 1927ರಲ್ಲಿ ಅವನನ್ನು ಪಕ್ಷದಿಂದ ಹೊರಗೆ ಹಾಕಿದರು. ಮರುವರ್ಷವೇ ಮೊದಲ ಪಂಚವಾರ್ಷಿಕ ಯೋಜನೆ ಶುರು!

ನನಗೆ ಜಾಸ್ತಿ ಕಾಡುವುದು ಕೋಳಿಗಳ ಭಾಗ. ಮೊಟ್ಟೆ ಮಾರಲು ಕೊಡಬೇಕು ಅಂದಾಗ ಅವು ಜಂತಿ ಏರಿ ಅಲ್ಲಿಂದಲೇ ಮೊಟ್ಟೆ ಇಡುತ್ತವೆ. ನೆಲಕ್ಕೆ ಬಿದ್ದು ಒಡೆಯಲಿ ಅಂತ. ನೆಪೋಲಿಯನ್ ಅವುಗಳ ಕಾಳು ನಿಲ್ಲಿಸುತ್ತಾನೆ, ಒಂಬತ್ತು ಕೋಳಿ ಸಾಯುತ್ತವೆ. ರಷ್ಯಾದಲ್ಲೂ ಸ್ಟಾಲಿನ್ ಸರ್ಕಾರ ರೈತರ ಹೊಲ, ದನಗಳನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಲು ಬಂದಾಗ ಎಷ್ಟೋ ರೈತರು ದನ ಒಪ್ಪಿಸುವ ಬದಲು ಕಡಿದುಹಾಕಿದ್ದರು. 1932–33ರಲ್ಲಿ ಉಕ್ರೇನಿನಲ್ಲಿ ಹಸಿವಿನಿಂದ ಸತ್ತವರು ಲಕ್ಷಗಟ್ಟಲೆ. ಅದನ್ನು ಆರ್ವೆಲ್ ಒಂದೆರಡು ಪ್ಯಾರಾದಲ್ಲಿ ಮುಗಿಸುತ್ತಾನೆ, ಅಳು ಇಲ್ಲ ಏನಿಲ್ಲ.

ಕೊನೇಬೆಂಚು:
ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಆರ್ವೆಲ್‌ಗೆ ಸ್ಟಾಲಿನ್ ಮೇಲೆ ಬರೀ ದ್ವೇಷವಾ? ಕ್ರಾಂತಿಯೇ ಬೇಡ ಅಂತಾನಾ?

ನಿವೃತ್ತ ಮೇಷ್ಟ್ರು:
ಇಲ್ಲಮ್ಮ. ಅವನು ಸಮಾಜವಾದಿಯೇ. ಸ್ಪೇನ್ ಅಂತರ್ಯುದ್ಧದಲ್ಲಿ ದಂಗೆಯೆದ್ದ ಸೇನಾಧಿಕಾರಿ ಫ್ರಾಂಕೋ ವಿರುದ್ಧ ಹೋರಾಡಿ ಗಂಟಲಿಗೆ ಗುಂಡು ತಿಂದವನು. 1937ರಲ್ಲಿ ಬಾರ್ಸಿಲೋನಾದಿಂದ ತಪ್ಪಿಸಿಕೊಂಡು ಬಂದದ್ದು ಮಾತ್ರ ಸ್ಟಾಲಿನ್ ಕಡೆಯವರಿಗೆ ಹೆದರಿ.

ದ್ವೇಷದ ವಿಷಯಕ್ಕೆ ಬಂದರೆ, ಗಾಳಿಯಂತ್ರ ಸಿಡಿಯುವ ದೃಶ್ಯ ನೋಡಿ. ನೆಪೋಲಿಯನ್ ಸೇರಿ ಎಲ್ಲರೂ ನೆಲಕ್ಕೆ ಬಿದ್ದರು ಅಂತ ಮೊದಲು ಬರೆದಿದ್ದ. ಅಚ್ಚಿಗೆ ಹೋಗುವ ಮುಂಚೆ, 1945ರ ಮಾರ್ಚಿನಲ್ಲಿ, ನೆಪೋಲಿಯನ್ ಒಬ್ಬನನ್ನು ಬಿಟ್ಟು ಅಂತ ತಿದ್ದಿಸಿದ. ಜರ್ಮನ್ನರು ಹತ್ತಿರ ಬಂದಾಗಲೂ ಸ್ಟಾಲಿನ್ ಮಾಸ್ಕೋ ಬಿಟ್ಟು ಹೋಗಲಿಲ್ಲ, ಅವನಿಗೆ ಅನ್ಯಾಯ ಆಗಬಾರದು ಅಂತ. ಶತ್ರುವಿನ ಬಗ್ಗೆ ಬರೆಯುವಾಗ ಇಷ್ಟು ಲೆಕ್ಕ ಇಟ್ಟವರು ಕಡಿಮೆ.

ಚಹಾಪುಡಿ:
ಇದು ಗೊತ್ತಿರಲಿಲ್ಲ! ಕೊನೆಯ ಇಸ್ಪೀಟಾಟಕ್ಕೂ ಹೀಗೇ ಏನಾದರೂ ಹಿನ್ನೆಲೆ ಇದೆಯಾ ಸರ್?

ನಿವೃತ್ತ ಮೇಷ್ಟ್ರು:
ಇದೆ. ಅದು 1943ರ ಟೆಹ್ರಾನ್ ಸಭೆ. ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಕೂತು ಮಾತಾಡಿದ್ದರು, ಇನ್ನು ಎಲ್ಲರೂ ದೋಸ್ತಿ ಅಂತ ಜನ ನಂಬಿದ್ದರು. ಆರ್ವೆಲ್ ನಂಬಲಿಲ್ಲ. ಉಕ್ರೇನಿ ಆವೃತ್ತಿಯ ಮುನ್ನುಡಿಯಲ್ಲಿ ಅವನೇ ಇದನ್ನು ಬಿಡಿಸಿ ಹೇಳಿದ್ದಾನೆ. ಹಂದಿ, ಮನುಷ್ಯ ಇಬ್ಬರೂ ಒಂದೇ ಹೊತ್ತಿಗೆ ಇಸ್ಪೀಟ್ (ಸ್ಪೇಡ್) ಎಕ್ಕ ಇಳಿಸುತ್ತಾರೆ. ಒಂದು ಕಟ್ಟಿನಲ್ಲಿ ಆ ಎಲೆ ಇರುವುದು ಒಂದೇ ಅಲ್ವಾ?