ಪದಚರ್ಚೆ: ‘ಪಾರ್ಚೆ ದೋಮಿನೆ’ಯನ್ನು ಕನ್ನಡದಲ್ಲಿ ಹೇಗೆ ಬರೆಯುವುದು?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಚರ್ಚಿನ ಹಾಡುಗಾರರಿಗೆ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು) ಹಾಡಿನ ಹಾಳೆ ಸಿದ್ಧ ಮಾಡುತ್ತಿದ್ದೇನೆ. ಯೇಸುವಿನ ಯಾತನೆ ನೆನೆಯುವ ಶುಕ್ರವಾರದ ‘ಶಿಲುಬೆ ಹಾದಿ’ ಪ್ರಾರ್ಥನೆಗೆ ಕನ್ನಡ ಹಾಡುಗಳ ಜೊತೆ ಲ್ಯಾಟಿನ್‌ನ ಈ ಸಾಲುಗಳೂ ಇವೆ:

ಪಾರ್ಚೆ ದೋಮಿನೆ, ಪಾರ್ಚೆ ಪೋಪುಲೊ ತೂಒ,
ನೆ ಇನ್ ಎತೆರ್ನುಮ್ ಇರಸ್ಕಾರಿಸ್ ನೋಬಿಸ್.

‘ಕರ್ತನೇ, ಶಿಕ್ಷಿಸದೆ ಬಿಡು, ನಿನ್ನ ಜನರನ್ನು ಶಿಕ್ಷಿಸದೆ ಬಿಡು, ನಮ್ಮ ಮೇಲೆ ಎಂದೆಂದಿಗೂ ಕೋಪಿಸಿಕೊಳ್ಳಬೇಡ’ ಅಂತ ಅರ್ಥ. ಮೊದಲ ಸಾಲು ಬೈಬಲಿನ ಯೋವೇಲನ ಗ್ರಂಥದ 2ನೇ ಅಧ್ಯಾಯ, 17ನೇ ವಚನದ್ದು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಓದುವ ಭಾಗವೇ ಅದು. ಪೂಜೆ ಕನ್ನಡದಲ್ಲಿರುವಾಗ ಲ್ಯಾಟಿನ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆಯಾ ಜನರ ಭಾಷೆಗೆ ಅವಕಾಶ ಕೊಟ್ಟಿತು, ಲ್ಯಾಟಿನನ್ನೂ ಉಳಿಸಿಕೊಳ್ಳಿ ಅಂದಿತು.

ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಒಬ್ಬರು ‘ಪಾರ್ಸ್’ ಅನ್ನುತ್ತಾರೆ, ಇನ್ನೊಬ್ಬರು ‘ಡಾಮಿನೆ’ ಅನ್ನುತ್ತಾರೆ. ತಪಸ್ಸುಕಾಲದಲ್ಲಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ಹಾಗಾಗಿ ಒಂದೊಂದು ಅಕ್ಷರವೂ ಕೇಳಿಸುತ್ತದೆ. ಚರ್ಚಿನ ಲ್ಯಾಟಿನ್‌ಗೆ ರೋಮಿನ ಉಚ್ಚಾರಣೆಯೇ ಇರಲಿ ಅಂತ ಪೋಪ್ ಹತ್ತನೇ ಪಿಯುಸ್ 1912ರಲ್ಲಿ ಪತ್ರ ಬರೆದಿದ್ದರು. ಅದರ ತ, ದ ನಮ್ಮ ತ, ದಗಳ ಹಾಗೇ ಹಲ್ಲಿಗೆ ತಾಗುತ್ತವೆ. ಟ, ಡ ಬರುವುದು ಇಂಗ್ಲಿಷಿನ ಅಭ್ಯಾಸದಿಂದ. ಎ-ಏ, ಒ-ಓ ಬೇರೆ ಬೇರೆ ಬರೆಯುವ ಅನುಕೂಲವೂ ನಮಗಿದೆ. ಉಚ್ಚರಿಸುವಾಗ ದನಿ ಒತ್ತಿ ಹೇಳುವಲ್ಲಿ ದೀರ್ಘ ಹಾಕಿದ್ದೇನೆ. ‘ದೊಮಿನೇ’ ಅಂತ ಬರೆದರೆ ರಾಗವೇ ಕೆಡುತ್ತದೆ. ‘ಎತೆರ್ನುಮ್’ನಲ್ಲಿ ಒತ್ತಕ್ಷರದ ಹಿಂದಿನದು ಹೇಗೂ ಗುರು, ಅಲ್ವಾ? ಅದಕ್ಕೆ ದೀರ್ಘ ಬೇಡ ಅನಿಸಿತು.

ಸಿಕ್ಕಿಕೊಂಡಿರುವುದು ‘ದೇವರ ಕುರಿಮರಿ’ ಪ್ರಾರ್ಥನೆಯ ಲ್ಯಾಟಿನ್ ರೂಪದಲ್ಲಿ. ಅಲ್ಲಿನ ಉಚ್ಚಾರಣೆಗೆ ‘ಆಞುಸ್ ದೇಯಿ’ ಸರಿಯಾದ ಬರಹ. ಆದರೆ ಞ ಅಕ್ಷರವನ್ನು ವರ್ಣಮಾಲೆಯಲ್ಲಿ ಕಲಿತು ಅಲ್ಲೇ ಬಿಟ್ಟವರು ನಾವು. ಹಾಳೆ ನೋಡಿ ಹಾಡುವವರು ತಡವರಿಸುತ್ತಾರೆ. ‘ಆಗ್ನುಸ್’ ಬರೆದರೆ ಗಕಾರ ಗಟ್ಟಿಯಾಗಿ ಬರುತ್ತದೆ. ‘ಆನ್ಯುಸ್’ ಹತ್ತಿರದ್ದು, ಆದರೂ ನ, ಯ ಎರಡಾಗಿ ಒಡೆಯುತ್ತವೆ. ನನಗೆ ಞ ಇಟ್ಟುಕೊಂಡು ಹೇಳಿಕೊಡುವುದೇ ಒಳ್ಳೆಯದು ಅನಿಸುತ್ತದೆ. ನಿಮ್ಮಲ್ಲಿ ಯಾರಾದರೂ ಬೇರೆ ದಾರಿ ಹಿಡಿದಿದ್ದೀರಾ?

ಇನ್ನೊಂದು, ಅರ್ಥದ್ದು. ‘ಪಾರ್ಚೆ’ಗೆ ಸುಮ್ನೆ ‘ಕರುಣಿಸು’ ಅಂದರೆ ಲ್ಯಾಟಿನ್‌ನಲ್ಲಿ ‘ಕರುಣಿಸು’ ಅನ್ನುವ ‘ಮಿಸೆರೇರೆ’ಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಶಿಕ್ಷಿಸಬಹುದಾಗಿದ್ದರೂ ಶಿಕ್ಷಿಸದೆ ಬಿಡು ಅಂತ ಕೇಳುವ ಮಾತು ಅದು. ನಮ್ಮ ಕಡೆ ‘ಈ ಸಲ ಬಿಟ್ಬಿಡ್ರಿ’ ಅಂತಾರಲ್ಲ, ಅದಕ್ಕೇ ಜಾಸ್ತಿ ಹತ್ತಿರ. ಪ್ರಾರ್ಥನೆಗೆ ಒಪ್ಪುವ ಒಂದೇ ಕ್ರಿಯಾಪದ ಬೇಕು. ‘ಉಳಿಸು’ ಸಾಕಾ, ‘ಮನ್ನಿಸು’ ಬೇಕಾ?