ಹಿರಿಯ ಡಿಟೆಕ್ಟಿವ್, ಹೊಸ ಪೊಲೀಸ್, ಡೀಲರ್: ಯಾರ ಕೈಗೆ ಯಾವ ಗನ್?

ಚಿತ್ರಕಥೆಗಾರ:
ಕಥೆ ನಡೆಯುವುದು 1994ರ ನ್ಯೂಯಾರ್ಕ್‌ನಲ್ಲಿ. ನಿವೃತ್ತಿಗೆ ಹತ್ತಿರವಾದ ಡಿಟೆಕ್ಟಿವ್, ಆಗಷ್ಟೇ ಸೇರಿದ ಗಸ್ತು ಪೊಲೀಸ್, ಒಬ್ಬ ಡ್ರಗ್ ಡೀಲರ್. ಕೊನೆಯ ಕಾಳಗದಲ್ಲಿ ಮೂವರ ಗನ್ನೂ ಒಂದೊಂದು ರೀತಿ ಕೈಕೊಡಬೇಕು. ಆದರೆ ಕಥೆಗೋಸ್ಕರ ಕೆಡಿಸಿದ ಹಾಗೆ ಕಾಣಬಾರದು. ಯಾವ ಗನ್ ಕೊಡಲಿ, ಏನು ಕೆಡಲಿ?

ಹಳೇ ನಳಿಗೆ:
ವರ್ಷ ಸರಿಯಾಗಿ ಆರಿಸಿದ್ದೀರಿ. ಅಲ್ಲಿನ ಪೊಲೀಸ್ ಇಲಾಖೆ 9 ಎಂಎಂ ಪಿಸ್ತೂಲಿಗೆ ಹೊರಳಿದ್ದು 1993ರಲ್ಲಿ. ಮೊದಲಿನಿಂದ ಇದ್ದವರು ರಿವಾಲ್ವರನ್ನೇ ಉಳಿಸಿಕೊಳ್ಳಬಹುದಿತ್ತು. ಹಾಗಾಗಿ ಡಿಟೆಕ್ಟಿವ್‌ಗೆ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 10 ಕೊಡಿ: .38 ಸ್ಪೆಷಲ್, 6 ಗುಂಡು. ಹೊಸಬನಿಗೆ ಗ್ಲಾಕ್ 19: ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ 15, ನಳಿಗೆಯ ಬುಡದ ಚೇಂಬರಿನಲ್ಲಿ ಇನ್ನೊಂದು.

ರಿವಾಲ್ವರ್ ಕೈಕೊಡುವುದು ಮತ್ತೆ ತುಂಬುವಾಗ. ಲ್ಯಾಚ್ ಒತ್ತಿ, ಗುಂಡು ಕೂರುವ ಸಿಲಿಂಡರನ್ನು ಎಡಕ್ಕೆ ಹೊರಳಿಸಬೇಕು, ನಳಿಗೆಯ ಬಾಯನ್ನು ಮೇಲಕ್ಕೆತ್ತಿ ಖಾಲಿ ತೋಟಾಗಳನ್ನು ಹೊರತಳ್ಳುವ ಎಜೆಕ್ಟರ್ ಕಡ್ಡಿಗೆ ಒಂದೇ ಗಟ್ಟಿ ಏಟು ಕೊಡಬೇಕು, ಆಮೇಲೆ ಬಾಯಿ ಕೆಳಗೆ ಮಾಡಿ ಆರು ಗುಂಡು ಒಟ್ಟಿಗೆ ಹಿಡಿದಿರುವ ಸ್ಪೀಡ್‌ಲೋಡರ್‌ನಿಂದ ಆರನ್ನೂ ಇಳಿಸಬೇಕು. ಗಾಬರಿಯಲ್ಲಿ ನಳಿಗೆ ಮೇಲೆತ್ತದೆ ಕಡ್ಡಿಯನ್ನು ಅರೆಬರೆ ಒತ್ತಿದರೆ, ಒಂದು ಖಾಲಿ ತೋಟಾದ ಅಂಚು ಕಡ್ಡಿಯ ತುದಿಯಲ್ಲಿರುವ ನಕ್ಷತ್ರಾಕಾರದ ಎಜೆಕ್ಟರ್‌ನ ಅಡಿಗೆ ಜಾರಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಹೊಸ ಗುಂಡೂ ಇಳಿಯದು, ಸಿಲಿಂಡರೂ ಮುಚ್ಚದು. ಕಡ್ಡಿಯನ್ನು ಒತ್ತಿಹಿಡಿದು ಉಗುರಿನಿಂದ ಕೀಳಬೇಕು. ಗುಂಡು ಹಾರುತ್ತಿರುವಾಗ ಅದು ನರಕ. ನಿಮ್ಮ ದೃಶ್ಯ ಅಲ್ಲಿದೆ.

ಇನ್ನೊಂದು ಮಾತು, ದಯವಿಟ್ಟು ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚಿಸಬೇಡಿ. ಸಿಲಿಂಡರನ್ನು ಗನ್ನಿಗೆ ಸೇರಿಸಿರುವ ಲೋಹದ ತೋಳು ಬಾಗುತ್ತದೆ. ಮೂವತ್ತು ವರ್ಷ ಅದೇ ಗನ್ ಹೊತ್ತವನು ಹಾಗೆ ಮಾಡುವುದಿಲ್ಲ.

ಮಣಿಕಟ್ಟು:
ಗ್ಲಾಕ್ ಬಗ್ಗೆ ನಾನು ಹೇಳುತ್ತೇನೆ. ಗುಂಡು ಹಾರಿದಾಗ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಪೂರ್ತಿ ಹಿಂದಕ್ಕೆ ಹೋಗಬೇಕಾದರೆ ಹಿಡಿ ಅಲುಗದೆ ನಿಂತಿರಬೇಕು. ಭುಜಕ್ಕೆ ಗುಂಡು ತಾಗಿ ಹೊಸಬ ಒಂದೇ ಕೈಯಲ್ಲಿ ಸಡಿಲವಾಗಿ ಹಿಡಿದು ಹೊಡೆಯಲಿ. ಸ್ಲೈಡ್ ಅರ್ಧಕ್ಕೇ ಮರಳಿ, ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲಿ ಹೊಗೆಕೊಳವೆಯ ಹಾಗೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಎರಡೂ ಕೈ ಇದ್ದರೆ ಮ್ಯಾಗಜಿನ್ ಬುಡಕ್ಕೆ ತಟ್ಟಿ ಸ್ಲೈಡ್ ಎಳೆದುಬಿಟ್ಟರೆ ಸಾಕು. ಒಂದೇ ಕೈ ಆದರೆ ಹಿಂದಿನ ಸೈಟನ್ನು ಬೆಲ್ಟಿಗೋ ಬೂಟಿನ ಹಿಮ್ಮಡಿಗೋ ಸಿಕ್ಕಿಸಿ ಒತ್ತಬೇಕು.

ಡೀಲರ್‌ಗೆ ಕೋಲ್ಟ್ 1911: .45 ಕ್ಯಾಲಿಬರ್, ಮ್ಯಾಗಜಿನ್‌ನಲ್ಲಿ 7. ಗುಂಡು ಚೇಂಬರಿನಲ್ಲಿದ್ದರೂ ಹ್ಯಾಮರ್ (ಗುಂಡು ಸಿಡಿಸಲು ಹಿಂದಕ್ಕೆ ಎಳೆದಿಡುವ ಸುತ್ತಿಗೆ) ಕೆಳಗಿದ್ದರೆ ಟ್ರಿಗರ್ ಎಷ್ಟು ಎಳೆದರೂ ಏನೂ ಆಗದು. ತೋರಿಕೆಗೆ ಗನ್ ಇಟ್ಟುಕೊಂಡವನಿಗೆ ಇದು ಗೊತ್ತಿರುವುದಿಲ್ಲ. ಅವನಿಗೆ ತಕ್ಕ ಸೋಲು ಇದೇ.

ಚಿತ್ರಕಥೆಗಾರ:
ಮೂರೂ ಸಿಕ್ಕಿತು, ತುಂಬಾ ಥ್ಯಾಂಕ್ಸ್. ಹೊಸಬ ಡೀಲರ್‌ನ ಹಣೆಗೆ ಗ್ಲಾಕ್ ಇಟ್ಟು ಹ್ಯಾಮರ್ ಎಳೆಯುವ ‘ಕ್ಲಿಕ್’ ಸದ್ದು ಹಾಕಬಹುದೇ?

ಹಳೇ ನಳಿಗೆ:
ಬೇಡ. ಗ್ಲಾಕ್‌ಗೆ ಹೊರಗೆ ಎಳೆಯಲು ಹ್ಯಾಮರೇ ಇಲ್ಲ, ಗುಂಡು ಸಿಡಿಸುವ ಸ್ಟ್ರೈಕರ್ ಒಳಗೇ ಇದೆ. ಬೆದರಿಸಲು ಸ್ಲೈಡ್ ಎಳೆಸಿದರೂ ತಪ್ಪೇ. ಚೇಂಬರಿನಲ್ಲಿದ್ದ ಒಳ್ಳೇ ಗುಂಡು ನೆಲಕ್ಕೆ ಬೀಳುತ್ತದೆ. ಸುಮ್ಮನೆ ಬೆರಳು ಟ್ರಿಗರ್ ಮೇಲೆ ಹೋಗುವುದನ್ನು ತೋರಿಸಿ.

ಸೆಟ್ ಆರ್ಮರರ್:
ಚಿತ್ರೀಕರಣದ ಮಾತು. ಬ್ಲ್ಯಾಂಕ್‌ನಲ್ಲಿ (ಸದ್ದು, ಬೆಂಕಿಗಷ್ಟೇ ಇರುವ ತೋಟಾ) ಮದ್ದಿದ್ದರೂ ಗುಂಡು ಇಲ್ಲದ್ದರಿಂದ ಒತ್ತಡ ಸಾಲದೆ ಪಿಸ್ತೂಲಿನ ಸ್ಲೈಡ್ ಓಡುವುದಿಲ್ಲ. ನಳಿಗೆಯೊಳಗೆ ಸಣ್ಣ ತೂತಿನ ಅಡೆ ಕೂರಿಸುತ್ತಾರೆ. ರಿವಾಲ್ವರ್‌ಗೆ ಅದು ಬೇಕಿಲ್ಲ, ಆದರೆ ಎದುರಿನಿಂದ ಕ್ಲೋಸಪ್ ತೆಗೆದರೆ ಸಿಲಿಂಡರಿನಲ್ಲಿ ಗುಂಡಿನ ತುದಿ ಕಾಣಬೇಕು, ಅದಕ್ಕೆ ಮದ್ದಿಲ್ಲದ ಡಮ್ಮಿ ತೋಟಾ ತುಂಬುತ್ತಾರೆ. ಅಪಾಯ ಇರುವುದು ಇಲ್ಲೇ. ಮದ್ದು ತೆಗೆದು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಉಳಿಸಿದ ಡಮ್ಮಿಯಾದರೆ, ಪ್ರೈಮರ್ ಸಿಡಿದು ಗುಂಡು ನಳಿಗೆಯೊಳಕ್ಕೆ ನುಗ್ಗಿ ಅರ್ಧದಲ್ಲಿ ನಿಲ್ಲುತ್ತದೆ. ಮುಂದಿನ ಶಾಟ್‌ಗೆ ಬ್ಲ್ಯಾಂಕ್ ಹಾಕಿ ಹೊಡೆದರೆ ಆ ಗುಂಡು ನಿಜವಾಗಿಯೇ ಹಾರುತ್ತದೆ. 1993ರಲ್ಲಿ ನಟ ಬ್ರಾಂಡನ್ ಲೀ ಸತ್ತದ್ದು ಹೀಗೆಯೇ. ಡಮ್ಮಿಯಿಂದ ಬ್ಲ್ಯಾಂಕ್‌ಗೆ ಹೋಗುವ ಮುನ್ನ ಪ್ರತಿ ಸಲವೂ ಗನ್ ಪೂರ್ತಿ ಖಾಲಿ ಮಾಡಿ, ನಳಿಗೆಯ ಉದ್ದಕ್ಕೂ ಕಡ್ಡಿ ತೂರಿಸಿ ನೋಡಿ. ಕ್ಲೋಸಪ್‌ಗೂ ಹೊಡೆತಕ್ಕೂ ಬೇರೆ ಬೇರೆ ಗನ್ ಇಟ್ಟರೆ ಇನ್ನೂ ಒಳ್ಳೆಯದು.