ಮಗಳು ನೆಸ್ಕ್ಯಾಕ್ ಕಾಲೇಜಿನಲ್ಲಿ ಓಡಬೇಕು ಅಂತಿದ್ದಾಳೆ: ಈ ಕಾನ್ಫರೆನ್ಸ್ ನಡೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಮ್ಯಾಸಚೂಸೆಟ್ಸ್‌ನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳು ಈಗ ಹನ್ನೊಂದನೇ ಕ್ಲಾಸು. ಕ್ರಾಸ್ ಕಂಟ್ರಿ, ಟ್ರ್ಯಾಕ್ ಎರಡೂ ಓಡುತ್ತಾಳೆ, ಓದಿನಲ್ಲೂ ಚೆನ್ನಾಗಿದ್ದಾಳೆ. ನ್ಯೂ ಇಂಗ್ಲೆಂಡ್‌ನ (ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳು) ಒಂದೆರಡು ಸಣ್ಣ ಕಾಲೇಜುಗಳ ಕೋಚ್‌ಗಳಿಂದ ಇಮೇಲ್ ಬರ್ತಾ ಇದೆ. ಎಲ್ಲರೂ "ನೆಸ್ಕ್ಯಾಕ್" ಅನ್ನುತ್ತಾರೆ. ನಾವಿಬ್ಬರೂ ಓದಿದ್ದು ಕರ್ನಾಟಕದಲ್ಲಿ. ಅಂತರ ಕಾಲೇಜು, ಯೂನಿವರ್ಸಿಟಿ ಟೀಮು ಗೊತ್ತು, ಈ ಕಾನ್ಫರೆನ್ಸ್ ಅನ್ನೋದು ಅರ್ಥವಾಗ್ತಿಲ್ಲ. ಇದನ್ನು ನಡೆಸೋರು ಯಾರು? ಓದಿಗೆ ಎಷ್ಟು ಪೆಟ್ಟು ಬೀಳುತ್ತೆ? ಸ್ಕಾಲರ್‌ಶಿಪ್ ಸಿಗುತ್ತಾ? ಕೋಚ್ "ನೀನು ಬೇಕು" ಅಂದರೆ ಅದನ್ನು ಎಷ್ಟು ನಂಬಬಹುದು?

ಮಗಳನ್ನು ಇದೇ ಕಾನ್ಫರೆನ್ಸಿನ ಕಾಲೇಜಿನಲ್ಲಿ ಓದಿಸಿದ ಇನ್ನೊಬ್ಬ ತಾಯಿ

ನೆಸ್ಕ್ಯಾಕ್ ಅಂದರೆ ನ್ಯೂ ಇಂಗ್ಲೆಂಡ್ ಸ್ಮಾಲ್ ಕಾಲೇಜ್ ಅಥ್ಲೆಟಿಕ್ ಕಾನ್ಫರೆನ್ಸ್. ಇದು ಸರ್ಕಾರದ್ದಲ್ಲ, ಯಾವುದೋ ಕ್ರೀಡಾ ಮಂಡಳಿಯದ್ದೂ ಅಲ್ಲ. ಹನ್ನೊಂದು ಕಾಲೇಜುಗಳು ತಮ್ಮ ತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ಆಮ್‌ಹರ್ಸ್ಟ್, ಬೇಟ್ಸ್, ಬೋಡನ್, ಕೋಲ್ಬಿ, ಕನೆಕ್ಟಿಕಟ್ ಕಾಲೇಜ್, ಹ್ಯಾಮಿಲ್ಟನ್, ಮಿಡಲ್‌ಬರಿ, ಟ್ರಿನಿಟಿ, ಟಫ್ಟ್ಸ್, ವೆಸ್ಲಿಯನ್, ವಿಲಿಯಮ್ಸ್. ಹೆಸರಿನಲ್ಲಿ ನ್ಯೂ ಇಂಗ್ಲೆಂಡ್ ಇದ್ದರೂ ಹ್ಯಾಮಿಲ್ಟನ್ ಇರೋದು ನ್ಯೂಯಾರ್ಕ್ ರಾಜ್ಯದಲ್ಲಿ. ಕಾನ್ಫರೆನ್ಸ್ ಹುಟ್ಟಿದ್ದು 1971ರಲ್ಲಿ. ಅದಕ್ಕೂ ಮೊದಲೇ, 1955ರಲ್ಲಿ, ಆಮ್‌ಹರ್ಸ್ಟ್, ಬೋಡನ್, ವೆಸ್ಲಿಯನ್, ವಿಲಿಯಮ್ಸ್ ನಾಲ್ಕೂ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಬೇರು ಅಲ್ಲಿದೆ.

ತುದಿಯಲ್ಲಿ ಕೂತಿರೋರು ಕೋಚ್‌ಗಳಲ್ಲ, ಹನ್ನೊಂದು ಕಾಲೇಜುಗಳ ಪ್ರೆಸಿಡೆಂಟ್‌ಗಳು. ನಮ್ಮ ಕಡೆ ಕುಲಪತಿಗಳು ಇದ್ದ ಹಾಗೆ. ಸೀಸನ್ ಯಾವಾಗ ಶುರು, ಎಷ್ಟು ಪಂದ್ಯ, ಪರೀಕ್ಷೆ ಸಮಯದಲ್ಲಿ ಆಟ ಬೇಕೋ ಬೇಡವೋ, ಇಂಥದ್ದಕ್ಕೆಲ್ಲ ಕೊನೆಯ ಮಾತು ಅವರದ್ದು. ಅವರ ಕೆಳಗೆ ಪ್ರತಿ ಕಾಲೇಜಿನ ಅಥ್ಲೆಟಿಕ್ ಡೈರೆಕ್ಟರ್‌ಗಳು. ದಿನನಿತ್ಯದ ಕೆಲಸಕ್ಕೆ ಒಂದು ಸಣ್ಣ ಆಫೀಸು, ಅದಕ್ಕೊಬ್ಬ ಕಮಿಷನರ್. ಅದು ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿಯಲ್ಲಿದೆ. ವೇಳಾಪಟ್ಟಿ, ಚಾಂಪಿಯನ್‌ಶಿಪ್, ಪ್ರಶಸ್ತಿಗಳು ಅಲ್ಲಿಂದ.

ಪ್ರೆಸಿಡೆಂಟ್‌ಗಳ ಮಾತಿಗೆ ಎಷ್ಟು ತೂಕ ಅಂತ ನೋಡಬೇಕಾದರೆ 2020ರ ಮಾರ್ಚ್ ನೆನಪಿಸಿಕೊಳ್ಳಿ. ಕೊರೊನಾ ಬಂದ ಕೂಡಲೇ ಅವರೆಲ್ಲ ಸೇರಿ ಇಡೀ ಸ್ಪ್ರಿಂಗ್ ಸೀಸನ್ ರದ್ದು ಮಾಡಿದರು. ಕೊನೆಯ ವರ್ಷದ ಮಕ್ಕಳು ಅತ್ತಿದ್ದನ್ನು ನಾನು ನೋಡಿದ್ದೇನೆ. ಆದರೂ ಹನ್ನೊಂದೂ ಕಡೆ ಒಂದೇ ನಿಯಮ. ಇನ್ನೂ ಹಳೆಯದು ಒಂದಿದೆ. ಯೂನಿಯನ್ ಕಾಲೇಜು ಶುರುವಿನಲ್ಲಿ ಇದೇ ಗುಂಪಿನಲ್ಲಿತ್ತು. ಐಸ್ ಹಾಕಿಗೆ ಆಟಗಾರರನ್ನು ಸೆಳೆಯುವ ವಿಚಾರದಲ್ಲಿ ಉಳಿದವರ ಜೊತೆ ಜಗಳವಾಗಿ 1977ರಲ್ಲಿ ಹೊರಗೆ ಹೋಯಿತು. ಕನೆಕ್ಟಿಕಟ್ ಕಾಲೇಜು ಸೇರಿದ್ದು 1982ರಲ್ಲಿ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಕಾಲೇಜಿನ ಬಣ್ಣದ ಪುಸ್ತಕ ಓದುವ ಮೊದಲು ಕಾನ್ಫರೆನ್ಸಿನ ನಿಯಮ ಓದಿ. ನಿಮ್ಮ ಮಗಳ ನಾಲ್ಕು ವರ್ಷದ ದಿನಚರಿ ಹೇಗಿರುತ್ತೆ ಅನ್ನೋದು ಜಾಸ್ತಿ ಅಲ್ಲೇ ತೀರ್ಮಾನವಾಗಿರುತ್ತೆ.

ಧಾರವಾಡದಲ್ಲಿ ಓದಿ, ಅಥ್ಲೆಟಿಕ್ಸ್ ಆಡಿದ ತಂದೆ, ಈಗ ಕನೆಕ್ಟಿಕಟ್

ನಮ್ಮ ಕಡೆಯ ಲೆಕ್ಕದಲ್ಲಿ ಹೇಳ್ತೀನಿ, ನಿಮಗೆ ಬೇಗ ಹಿಡಿಯುತ್ತೆ. ನಮ್ಮಲ್ಲಿ ಕಾಲೇಜು ಯೂನಿವರ್ಸಿಟಿಗೆ ಸೇರಿದ್ದು. ನಾವು ಮೊದಲು ಕಾಲೇಜಿನ ಪರವಾಗಿ ಅಂತರ ಕಾಲೇಜು ಕೂಟದಲ್ಲಿ ಓಡ್ತಿದ್ವಿ. ಅಲ್ಲಿ ಚೆನ್ನಾಗಿ ಮಾಡಿದರೆ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಷನ್, ಬ್ಲೂ (ಯೂನಿವರ್ಸಿಟಿಯ ಕ್ರೀಡಾ ಗೌರವ) ಸಿಗ್ತಿತ್ತು. ಮೇಲಿನ ಅಂತರ ವಿಶ್ವವಿದ್ಯಾಲಯ ಕೂಟ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. ಎಷ್ಟೋ ಆಟಗಳಲ್ಲಿ ಮೊದಲು ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ. ಅಂದರೆ ಒಂದೊಂದು ಮೆಟ್ಟಿಲಿಗೂ ನಮ್ಮ ಬನಿಯನ್ ಮೇಲಿನ ಹೆಸರು ಬದಲಾಗ್ತಿತ್ತು.

ಇಲ್ಲಿ ಹಾಗಲ್ಲ. ಬೋಡನ್ ಹುಡುಗಿ ಮೊದಲ ಮೀಟಿನಿಂದ ರಾಷ್ಟ್ರೀಯ ಕೂಟದವರೆಗೂ ಬೋಡನ್ ಪರವಾಗಿಯೇ ಓಡ್ತಾಳೆ. ಎಲ್ಲರನ್ನೂ ಸೇರಿಸಿ "ನೆಸ್ಕ್ಯಾಕ್ ಟೀಮು" ಅಂತ ಒಂದನ್ನು ಆರಿಸಿ ಕಳಿಸೋದಿಲ್ಲ. ಕಾನ್ಫರೆನ್ಸ್ ಒಂದು ಮೆಟ್ಟಿಲಲ್ಲ. ಅದು ಈ ಕಾಲೇಜುಗಳು ವರ್ಷವಿಡೀ ಒಬ್ಬರೊಬ್ಬರ ಮೇಲೆ ಆಡುವ ಬಳಗ.

ಇನ್ನೊಂದು ವ್ಯತ್ಯಾಸ. ನಮ್ಮ ಕೂಟಗಳು ಎರಡು ಮೂರು ದಿನದಲ್ಲಿ ಮುಗಿದು ಹೋಗ್ತಿದ್ವು. ಒಂದು ದಿನ ಕಾಲು ಉಳುಕಿದರೆ ಆ ವರ್ಷವೇ ಹೋಯಿತು. ಇಲ್ಲಿ ಸಾಕರ್, ಬ್ಯಾಸ್ಕೆಟ್‌ಬಾಲ್ ಆಡೋರಿಗೆ ವಾರ ವಾರ ಪಂದ್ಯ. ಮಕ್ಕಳು ಬೆಳೆಯೋದು ಅದರಲ್ಲೇ. ನಮಗೆ ಅಂಥದ್ದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತೆ. ನಮ್ಮ ಪಿ.ಡಿ. ಸರ್ ಒಬ್ಬರೇ ಎಲ್ಲ ಆಟಕ್ಕೂ ಕೋಚು, ಟಿಎ-ಡಿಎ ಲೆಕ್ಕ ಬರೆಯೋರೂ ಅವರೇ. ಇಲ್ಲಿ ಒಂದೊಂದು ಆಟಕ್ಕೂ ಬೇರೆ ಕೋಚ್, ಗಾಯ ನೋಡಿಕೊಳ್ಳೋಕೆ ಬೇರೆ ಟ್ರೇನರ್.

ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನ ತಂದೆ

ಪ್ರಯಾಣದ ಬಗ್ಗೆ ನಾನು ಹೇಳ್ತೀನಿ. ವಾರದ ಮಧ್ಯೆ ಕ್ಲಾಸು ತಪ್ಪಬಾರದು ಅಂತ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾನ್ಫರೆನ್ಸ್ ಪಂದ್ಯಗಳನ್ನು ಹೆಚ್ಚಾಗಿ ಶುಕ್ರವಾರ, ಶನಿವಾರಕ್ಕೆ ಜೋಡಿಸಿರುತ್ತಾರೆ. ಮೇನ್ ರಾಜ್ಯಕ್ಕೆ ಹೋದರೆ ಶುಕ್ರವಾರ ಸಂಜೆ ಬ್ರನ್ಸ್‌ವಿಕ್‌ನಲ್ಲಿ ಬೋಡನ್ ಮೇಲೆ, ಮರುದಿನ ವಾಟರ್‌ವಿಲ್‌ನಲ್ಲಿ ಕೋಲ್ಬಿ ಮೇಲೆ. ಎರಡೂ ಊರು ಹತ್ತಿರ ಹತ್ತಿರ. ಒಂದೇ ಪ್ರಯಾಣದಲ್ಲಿ ಎರಡು ಪಂದ್ಯ ಮುಗಿಯುತ್ತೆ. ಪ್ರತಿ ತಂಡದ ಮೇಲೂ ಒಂದೊಂದು ಸಲ, ಒಟ್ಟು ಹತ್ತು ಕಾನ್ಫರೆನ್ಸ್ ಪಂದ್ಯ. ಕೊನೆಗೆ ಟೂರ್ನಮೆಂಟು. ಮೇಲಿನ ಸ್ಥಾನದಲ್ಲಿರೋರ ಅಂಗಳದಲ್ಲೇ ಆಟ.

ದೂರ ಅಂದರೆ ಹ್ಯಾಮಿಲ್ಟನ್‌ದು. ಅಲ್ಲಿಂದ ಮೇನ್‌ಗೆ ಬಸ್ಸಿನಲ್ಲಿ ಆರು ಗಂಟೆಗೆ ಕಡಿಮೆ ಇಲ್ಲ, ಫೆಬ್ರವರಿ ಹಿಮದಲ್ಲಿ ಇನ್ನೂ ಜಾಸ್ತಿ. ಮಗ ಬಸ್ಸಿನಲ್ಲೇ ಕೆಮಿಸ್ಟ್ರಿ ಲ್ಯಾಬ್ ರಿಪೋರ್ಟ್ ಬರೀತಾನೆ. ತಲೆಯ ಮೇಲಿನ ಸಣ್ಣ ದೀಪ, ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಅದೇ ಕ್ಲಾಸಿನ ಇನ್ನೊಬ್ಬ.

ಗೆದ್ದರೆ ಏನು ಅಂತ ಕೇಳ್ತೀರಿ. ಇದು ಎನ್‌ಸಿಎಎಯ, ಅಂದರೆ ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆಯ, ಡಿವಿಷನ್ ಥ್ರೀ. ಎನ್‌ಸಿಎಎ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಕಾನ್ಫರೆನ್ಸ್ ಟೂರ್ನಮೆಂಟ್ ಗೆದ್ದ ತಂಡಕ್ಕೆ ರಾಷ್ಟ್ರೀಯ ಟೂರ್ನಮೆಂಟಿಗೆ ನೇರ ಪ್ರವೇಶ. ಉಳಿದವರು ವರ್ಷದ ಫಲಿತಾಂಶದ ಮೇಲೆ ಆಯ್ಕೆಯಾಗಬೇಕು. 1990ರ ದಶಕದವರೆಗೆ ಈ ಪ್ರೆಸಿಡೆಂಟ್‌ಗಳು ತಮ್ಮ ತಂಡಗಳನ್ನು ಎನ್‌ಸಿಎಎ ಟೂರ್ನಮೆಂಟಿಗೆ ಕಳಿಸುತ್ತಲೇ ಇರಲಿಲ್ಲ, ಓದು ಹಾಳಾಗುತ್ತೆ ಅಂತ. ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಬೇರೆ ಥರ. ಕನೆಕ್ಟಿಕಟ್ ಕಾಲೇಜಿಗೆ ಫುಟ್‌ಬಾಲ್ ತಂಡ ಇಲ್ಲ. ಉಳಿದ ಹತ್ತು ತಂಡಗಳು ತಮ್ಮತಮ್ಮಲ್ಲೇ ಆಡುತ್ತವೆ, 2017ರಿಂದ ಒಬ್ಬೊಬ್ಬರಿಗೆ ಒಂಬತ್ತು ಪಂದ್ಯ.

ಕೇಳಿದವರು

ತುಂಬಾ ಉಪಕಾರ. ಆದರೆ ಓಟದಲ್ಲಿ ವಾರ ವಾರ ಪಂದ್ಯ ಇರಲ್ಲ ಅಲ್ವಾ? ಅಲ್ಲಿ ಕಾನ್ಫರೆನ್ಸಿಗೆ ಏನು ಅರ್ಥ?

ಈಗ ಅಲ್ಲೇ ಓಡುತ್ತಿರುವ ವಿದ್ಯಾರ್ಥಿನಿ

ಆಂಟಿ, ನಮ್ಮದು ಬೇರೆ. ಸೆಪ್ಟೆಂಬರ್‌ನಿಂದ ಕೆಲವು ಇನ್ವಿಟೇಷನಲ್ ಮೀಟ್‌ಗಳು. ಅಲ್ಲಿ ಬೇರೆ ಬೇರೆ ಕಾನ್ಫರೆನ್ಸಿನವರೂ ಬರ್ತಾರೆ. ಆಮೇಲೆ ಶರತ್ಕಾಲದ ಕೊನೆಗೆ ಒಂದೇ ದಿನ ನೆಸ್ಕ್ಯಾಕ್ ಚಾಂಪಿಯನ್‌ಶಿಪ್. ನಮಗೆ ಆ ಶನಿವಾರವೇ ಹಬ್ಬ.

ಒಂದೊಂದು ಕಾಲೇಜಿಗೂ ಹುಲ್ಲಿನ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ ಒಂದೊಂದು ಬಾಕ್ಸ್ ಮಾಡಿರ್ತಾರೆ. ನಾವು ಅದರೊಳಗೆ ಒತ್ತೊತ್ತಾಗಿ ನಿಲ್ಲಬೇಕು. ಗನ್ ಹೊಡೆದ ತಕ್ಷಣ ಎಲ್ಲರೂ ಮೊದಲ ತಿರುವಿನ ಕಡೆ ನುಗ್ತಾರೆ. ಅಲ್ಲಿ ಹಿಂದೆ ಬಿದ್ದರೆ ಮುಂದೆ ದಾರಿ ಕಿರಿದಾಗಿ, ದಾಟೋದು ಬಹಳ ಕಷ್ಟ. ಹುಡುಗಿಯರಿಗೆ ಆರು ಕಿಲೋಮೀಟರ್, ಹುಡುಗರಿಗೆ ಎಂಟು. ಹೈಸ್ಕೂಲಿನ ಐದು ಕಿಲೋಮೀಟರ್‌ಗೆ ಹೊಂದಿಕೊಂಡ ಕಾಲಿಗೆ ಆ ಕೊನೆಯ ಒಂದು ಕಿಲೋಮೀಟರ್ ಹೊಸದು. ಮೊದಲ ವರ್ಷ ಎಲ್ಲರಿಗೂ ಅದು ಭಾರ ಅನ್ನಿಸುತ್ತೆ.

ಅಂಕದ ಲೆಕ್ಕ ಹೈಸ್ಕೂಲಿನ ಹಾಗೇನೇ. ತಂಡದ ಮೊದಲ ಐದು ಜನ ಬಂದ ಸ್ಥಾನ ಕೂಡಿಸ್ತಾರೆ, ಕಡಿಮೆ ಬಂದವರು ಗೆದ್ದ ಹಾಗೆ. ಒಂದರಿಂದ ಐದು ಸ್ಥಾನ ಪೂರಾ ಒಂದೇ ತಂಡಕ್ಕೆ ಬಂದರೆ 15. ಆರನೆಯವಳು, ಏಳನೆಯವಳು ಅಂಕ ತರಲ್ಲ, ಆದರೆ ಎದುರಾಳಿಯ ಐದನೆಯವಳಿಗಿಂತ ಮುಂದೆ ಬಂದರೆ ಆ ಎದುರಾಳಿಯ ಸ್ಥಾನ ಹಿಂದಕ್ಕೆ ಹೋಗುತ್ತೆ. ಅದಕ್ಕೇ ಮಗಳು ಕೋಚ್‌ಗೆ ಕೇಳಬೇಕಾದ ಪ್ರಶ್ನೆ, "ನಿಮ್ಮ ಐದನೆಯವಳು ಈಗ ಎಷ್ಟು ಟೈಮಿಗೆ ಓಡ್ತಾಳೆ?" ಅಂತ. ಮೊದಲನೆಯವಳ ಟೈಮ್ ನೋಡಿ ಹೆದರೋದು ಬೇಡ. ಇವಳಿಗೆ ಜಾಗ ಇರೋದು ಐದು, ಆರು, ಏಳರಲ್ಲಿ.

ನೆಸ್ಕ್ಯಾಕ್ ಮುಗಿದ ಮೇಲೆ ರೀಜನಲ್ (ಎನ್‌ಸಿಎಎಯ ಪ್ರಾದೇಶಿಕ ಕೂಟ), ಅಲ್ಲಿ ಗೆದ್ದ ತಂಡ ನೇರವಾಗಿ ನ್ಯಾಷನಲ್ಸ್‌ಗೆ. ಹಾಗಾಗಿ ರಾಷ್ಟ್ರೀಯ ಕೂಟದ ದಾರಿ ನಮಗೆ ಕಾನ್ಫರೆನ್ಸಿನಿಂದ ಅಲ್ಲ, ರೀಜನಲ್‌ನಿಂದ. ಆದರೂ ನಮ್ಮ ಟೀಮಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಎಲ್ಲರ ಮನಸ್ಸಿರೋದು ನೆಸ್ಕ್ಯಾಕ್ ಮೇಲೇ. ಅಲ್ಲಿ ಪಕ್ಕದಲ್ಲಿ ಓಡೋರ ಮುಖ ಗೊತ್ತು, ಹೆಸರು ಗೊತ್ತು, ಹೋದ ವರ್ಷ ಯಾವ ಏರಿನಲ್ಲಿ ನಮ್ಮನ್ನು ದಾಟಿದ್ದರು ಅನ್ನೋದೂ ಗೊತ್ತು.

ಇನ್ನೊಂದು. ಸೀಸನ್ ಇಲ್ಲದಾಗ ಕೋಚ್ ನಿಂತು ಪ್ರಾಕ್ಟೀಸ್ ಮಾಡಿಸೋಕೆ ಈ ಕಾನ್ಫರೆನ್ಸಿನಲ್ಲಿ ಮಿತಿ ಇದೆ. ಹೆಚ್ಚಾಗಿ ಕ್ಯಾಪ್ಟನ್‌ಗಳೇ ಕರೆದುಕೊಂಡು ಓಡಿಸ್ತಾರೆ. ತಾನಾಗೇ ಬೆಳಗ್ಗೆ ಎದ್ದು ಓಡೋ ಹುಡುಗಿಗೆ ಇದು ಸ್ವರ್ಗ. ಯಾರಾದರೂ ಹಿಂದೆ ನಿಂತು ಓಡಿಸಬೇಕು ಅನ್ನೋರಿಗೆ ಕಷ್ಟ. ನಿಮ್ಮ ಮಗಳು ಯಾವ ಥರ ಅಂತ ನಿಮಗೇ ಗೊತ್ತಿರುತ್ತೆ.

ಮೊದಲು ಉತ್ತರ ಬರೆದ ತಾಯಿ, ಮತ್ತೆ

ದುಡ್ಡಿನ ವಿಷಯ ಯಾರೂ ಹೇಳಿಲ್ಲ, ನಾನೇ ಹೇಳ್ತೀನಿ. ಡಿವಿಷನ್ ಥ್ರೀಯಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ. ಒಂದು ಡಾಲರ್ ಕೂಡ ಇಲ್ಲ. ಯಾರಾದರೂ ಕೊಡಿಸ್ತೀವಿ ಅಂದರೆ ನಂಬಬೇಡಿ. ಈ ಹನ್ನೊಂದು ಕಾಲೇಜುಗಳು ಹೆಚ್ಚಾಗಿ ಕೊಡೋದು ಮನೆಯ ಆದಾಯ ನೋಡಿ ಕೊಡುವ ಸಹಾಯ. ಹಾಗಾಗಿ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ಸಹಾಯ ಕಳೆದು ನಿಮಗೆ ಬೀಳುವ ಖರ್ಚಿನ ಅಂದಾಜು ತೋರಿಸೋದು) ಇರುತ್ತೆ, ಗಂಡ ಹೆಂಡತಿ ಇಬ್ಬರೂ ಕೂತು ನಿಮ್ಮ ತೆರಿಗೆ ಕಾಗದ ಇಟ್ಟುಕೊಂಡು ತುಂಬಿಸಿ. ಮಗಳ ಮನಸ್ಸು ಒಂದು ಕಾಲೇಜಿನ ಮೇಲೆ ಕೂರುವ ಮೊದಲೇ ಇದು ಆಗಬೇಕು. ಆಮೇಲೆ ಬೇಡ ಅನ್ನೋದು ಮಗುವಿಗೆ ತುಂಬಾ ನೋವು.

ಆಟ ಸಹಾಯ ಮಾಡೋದು ಅಡ್ಮಿಷನ್‌ಗೆ. ಹನ್ನೊಂದನೇ ಕ್ಲಾಸು ಮುಗಿದ ಮೇಲೆ ಜುಲೈಯಿಂದ ಕೋಚ್ ಅಂಕಪಟ್ಟಿ ಕೇಳ್ತಾರೆ. ಅದನ್ನು ಅಡ್ಮಿಷನ್ ಆಫೀಸಿಗೆ ಕೊಟ್ಟು ಮೊದಲೇ ಒಂದು ಅಭಿಪ್ರಾಯ ತಗೋತಾರೆ. ಇದಕ್ಕೆ ಪ್ರೀ-ರೀಡ್ ಅಂತಾರೆ. ಒಬ್ಬ ಕೋಚ್ ಎಷ್ಟು ಜನರ ಪರವಾಗಿ ನಿಲ್ಲಬಹುದು ಅನ್ನೋದಕ್ಕೂ ಮಿತಿ ಇದೆ. ಆದ್ದರಿಂದ "ನಿನ್ನನ್ನು ಕಂಡರೆ ನಮಗೆ ಇಷ್ಟ" ಅನ್ನೋದು ಬೇರೆ, "ಅಡ್ಮಿಷನ್‌ನಲ್ಲಿ ನಿನಗೆ ನನ್ನ ಪೂರ್ತಿ ಬೆಂಬಲ ಇದೆ" ಅನ್ನೋದು ಬೇರೆ. ಮಗಳು ನೇರವಾಗಿ ಕೇಳಲಿ, ಇದರಲ್ಲಿ ಸಂಕೋಚ ಬೇಡ. ನಮ್ಮ ಮಕ್ಕಳು ದೊಡ್ಡವರ ಎದುರು ಕೇಳೋಕೆ ಹಿಂಜರಿಯುತ್ತಾರೆ. ಕೋಚ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ, ಬೇಸರ ಮಾಡಿಕೊಳ್ಳಲ್ಲ. ಬೆಂಬಲ ಕೊಡ್ತೀನಿ ಅಂದಾಗ ಸಾಮಾನ್ಯವಾಗಿ ಅರ್ಲಿ ಡಿಸಿಷನ್ ಹಾಕು ಅಂತಾರೆ. ಅಲ್ಲಿ ಸೀಟು ಸಿಕ್ಕರೆ ಸೇರಲೇಬೇಕು. ಕ್ಯಾಲ್ಕುಲೇಟರ್ ಮೊದಲು ಅಂದಿದ್ದು ಇದಕ್ಕೇ.

ಸ್ಕ್ವಾಶ್ ಆಡುವ ಮಗಳಿರುವ ಬೆಂಗಳೂರಿನ ತಂದೆ

ಒಂದು ಸೇರಿಸ್ತೀನಿ. ಎಲ್ಲ ಆಟವೂ ಎನ್‌ಸಿಎಎ ಕೆಳಗೆ ಬರೋದಿಲ್ಲ. ಸ್ಕ್ವಾಶ್‌ನ ರಾಷ್ಟ್ರೀಯ ಕೂಟ ನಡೆಸೋದು ಕಾಲೇಜ್ ಸ್ಕ್ವಾಶ್ ಅಸೋಸಿಯೇಷನ್. ಅಲ್ಲಿ ಸಣ್ಣ ಕಾಲೇಜು, ದೊಡ್ಡ ಯೂನಿವರ್ಸಿಟಿ ಅಂತ ಭೇದ ಇಲ್ಲ. ಟ್ರಿನಿಟಿ ಕಾಲೇಜಿನ ಹುಡುಗರು ಸತತ 252 ಪಂದ್ಯ ಗೆದ್ದು, 2012ರ ಜನವರಿಯಲ್ಲಿ ಯೇಲ್ ಮೇಲೆ ಸೋತರು. ಆ ತಂಡಗಳಲ್ಲಿ ಭಾರತದ ಹುಡುಗರೂ ಇದ್ದರು. ಊರಿನಿಂದ ನೇರವಾಗಿ ಕಳಿಸಬೇಕು ಅನ್ನೋರು ಮೊದಲು ತಮ್ಮ ಆಟದ ಕೂಟ ಯಾರು ನಡೆಸ್ತಾರೆ ಅಂತ ನೋಡಿ.

ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಕೊನೆಯದಾಗಿ ಒಂದೇ ಒಂದು. ಸೇರಿದ ಮೇಲೆ ಕಾಲಿಗೆ ಪೆಟ್ಟಾಗಿಯೋ, ಕೋಚ್ ಬದಲಾಗಿಯೋ ಓಟ ಬಿಟ್ಟರೆ ಏನಾಗುತ್ತೆ?

ಮೊದಲು ಉತ್ತರ ಬರೆದ ತಾಯಿ

ಸೀಟು ಹೋಗಲ್ಲ. ಸಹಾಯಧನವೂ ಓಟಕ್ಕೆ ಕಟ್ಟಿಹಾಕಿದ್ದಲ್ಲ, ಮನೆಯ ಆದಾಯ ನೋಡಿ ಕೊಟ್ಟಿದ್ದು, ಹಾಗಾಗಿ ಓಟ ಬಿಟ್ಟ ಕಾರಣಕ್ಕೆ ಅದನ್ನು ಕಿತ್ತುಕೊಳ್ಳಲ್ಲ. ಅದಕ್ಕೇ ಕಾಲೇಜು ನೋಡೋಕೆ ಹೋದಾಗ ಟ್ರ್ಯಾಕ್ ಒಂದನ್ನೇ ನೋಡಿ ಬರಬೇಡಿ. ಒಂದು ರಾತ್ರಿ ಅಲ್ಲಿನ ಹುಡುಗಿಯರ ಜೊತೆ ಹಾಸ್ಟೆಲಿನಲ್ಲಿ ಉಳಿಯೋಕೆ ಅವಕಾಶ ಇದ್ದರೆ ಉಳಿಯಲಿ. ಒಂದು ಕ್ಲಾಸಿನಲ್ಲಿ ಕೂರಲಿ. ಓಡದೇ ಇದ್ದರೂ ಈ ಊರಿನಲ್ಲಿ ನಾಲ್ಕು ಚಳಿಗಾಲ ಇರ್ತೀಯಾ ಅಂತ ವಾಪಸ್ ಬರುವಾಗ ಕಾರಿನಲ್ಲಿ ಕೇಳಿ. ನಾವು ಪಟ್ಟಿಯಲ್ಲಿದ್ದ ಎರಡು ಕಾಲೇಜು ಬಿಟ್ಟಿದ್ದು ಆ ಪ್ರಶ್ನೆ ಕೇಳಿದ ಮೇಲೇ.